ಹಚ್ಚೆಯ ಬರಹಕ್ಕೆ ಕಾಲೋಚಿತ ಲಿಪಿ: ಚಾಮರಾಜನಗರ, ಗುಂಡ್ಲುಪೇಟೆಗಳ ನಿದರ್ಶನ

ಹಚ್ಚೆ ಹೊಯ್ಯಿಸಿಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು. ಊರಿನ ಹೆಸರನ್ನು ‘ಶಾಸನದ ಅಕ್ಷರ’ದಲ್ಲಿ ಮೈಮೇಲೆ ಬರೆಸಿಕೊಳ್ಳಬಯಸುವ ತರುಣರು ಈಗ ಉಂಟು. ಕಲ್ಲಿನ ಬರಹದಂತೆ ಹಚ್ಚೆಯೂ ಸುಲಭವಾಗಿ ಅಳಿಯುವುದಲ್ಲ. ಆದುದರಿಂದ ಯಾವ ಮಾತಿಗೆ ಯಾವ ಕಾಲದ ಲಿಪಿ ಉಚಿತವೆಂಬುದು ವಿಚಾರಾರ್ಹವಾದ ಪ್ರಶ್ನೆ.

ಲ್ಯಾಟಿನ್ ಭಾಷೆಯ ಹಚ್ಚೆಗಳಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ರೋಮನ್ ಕವಿಯ ಮಾತಿಗೆ ಕ್ರಿ.ಶ. 113ರ ಟ್ರೇಜನ್ ಸ್ತಂಭದ ದೊಡ್ಡಕ್ಷರಗಳು ಸಲ್ಲುತ್ತವೆ. ಅಲ್ಲಿ ‘ಯು’, ‘ವಿ’ ಅಕ್ಷರಗಳಿಗೆ ಒಂದೇ ರೂಪ. 12ನೆಯ ಶತಮಾನದಿಂದೀಚೆಗೆ ಬೆಳೆದ ಗಾಥಿಕ್ ಲಿಪಿಯಲ್ಲಿ ಅದನ್ನು ಬರೆದರೆ ಸಾವಿರ ವರ್ಷಗಳಷ್ಟು ಅಂತರ ಉಂಟಾಗುತ್ತದೆ.

ಚಾಮರಾಜನಗರದ ಸಂಗತಿಯೂ ಇಂಥದೇ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ಇಲ್ಲಿ ಬಸದಿಯನ್ನು ಕಟ್ಟಿಸಿದುದನ್ನು 1117ರ ಶಾಸನವು ತಿಳಿಸುತ್ತದೆ. ಅಂದಿನ ದುಂಡನೆಯ, ಅಲಂಕೃತವಾದ ಅಕ್ಷರಗಳು ಮನಸ್ಸನ್ನು ಸೆಳೆಯುವುದು ಸಹಜ. ಆದರೆ ಆಗ ಊರಿಗೆ ಈ ಹೆಸರಿರಲಿಲ್ಲ. ಅರಿಕುಠಾರವೆಂದು ಪ್ರಸಿದ್ಧವಾಗಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆಯ ನೆನಪಿಗಾಗಿ ಚಾಮರಾಜನಗರವೆಂದು ಹೆಸರಿಟ್ಟರು. ಈ ಹೆಸರನ್ನು ಹೊಯ್ಸಳ ಲಿಪಿಯಲ್ಲಿ ಬರೆಯುವುದು ಕಾಲವಿರುದ್ಧ. ಇದಕ್ಕೆ 19ನೆಯ ಶತಮಾನದ ಕಡತಗಳ ಬರವಣಿಗೆಯೇ ಮಾದರಿ. ಪುಣಿಸನ ಹೆಸರಿಗಾದರೋ ಹೊಯ್ಸಳ ಅಕ್ಷರವೇ ಭೂಷಣ. ಹಾಗೆಯೇ ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ಕಟ್ಟಿಸಿದ ಚಿಕ್ಕದೇವರಾಜ ಒಡೆಯರ (1673–1704) ಹೆಸರಿಗೆ ಅವರ ಕಾಲದ ಲಿಪಿ ಒಪ್ಪುತ್ತದೆ.

ಮಾದರಿಯನ್ನು ಆರಿಸುವಾಗಲೂ ಎಚ್ಚರ ಬೇಕು. ಈ ಎರಡೂ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರು 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 4ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆದರೆ ಅಲ್ಲಿನ ಪಾಠ ಅಚ್ಚಿನ ಮೊಳೆಗಳಲ್ಲಿರುವುದರಿಂದ ಮಾತಿನ ರೂಪ ದೊರೆಯುವುದೇ ಹೊರತು ಅಕ್ಷರದ ರೂಪವಲ್ಲ. ಅದನ್ನು ಶಿಲೆಯಿಂದಲೋ ಅದರ ಪಡಿಯಚ್ಚಿನಿಂದಲೋ ಪಡೆಯಬೇಕು. ಹಳೆಯ ಶಾಸನಗಳಲ್ಲಿ ಎಕಾರ, ಒಕಾರಗಳ ಹ್ರಸ್ವದೀರ್ಘಭೇದ ಸಾಮಾನ್ಯವಾಗಿ ಬರಹದಲ್ಲಿ ಕಾಣದು. ಇಂದಿನ ದೀರ್ಘಚಿಹ್ನೆಯನ್ನು ಸೇರಿಸಿದರೆ ಮಾದರಿ ಕೆಡುತ್ತದೆ. ಇದಲ್ಲದೆ, ಉಳಿಯ ಗೆರೆ ಕಲ್ಲಿನಲ್ಲಿ ನಿಲ್ಲುವಂತೆ ಸೂಜಿಯ ಗೆರೆ ಚರ್ಮದಲ್ಲಿ ನಿಲ್ಲದೆ ಕಾಲಕ್ರಮದಲ್ಲಿ ಹರಡುತ್ತದೆ. ಆದುದರಿಂದ ಒಳಸುರುಳಿಗಳುಳ್ಳ ಅಕ್ಷರಗಳನ್ನು ದೊಡ್ಡದಾಗಿಯೇ ಬರೆಸಬೇಕು.

ಲಿಪಿಯ ಹಳಮೆಯೊಂದೇ ಔಚಿತ್ಯಕ್ಕೆ ಸಾಲದು. ಮಾತು ಹುಟ್ಟಿದ ಕಾಲವೂ ಅಕ್ಷರದ ಕಾಲವೂ ಹೊಂದಿದಾಗಲೇ ಮೈಮೇಲಿನ ಬರಹ ಇತಿಹಾಸಕ್ಕೆ ನಿಷ್ಠವಾದೀತು.