ಕ್ಲಿಕ್ ಮಾಡಿದ್ದು ಇಲ್ಲಿ, ಅಕ್ಷರ ಬಿದ್ದದ್ದು ಅಲ್ಲಿ

ಕಂಪ್ಯೂಟರ್ ಮುಂದೆ ಕೂತು ಅರ್ಜಿ ತುಂಬಿದವರಿಗೆ ಇದು ಗೊತ್ತಿರುತ್ತದೆ. ಪಾಸ್‌ವರ್ಡ್ ಟೈಪ್ ಮಾಡುತ್ತಿರುವಾಗಲೇ ಇನ್ನೊಂದು ವಿಂಡೋ ಧುತ್ತೆಂದು ಮುಂದೆ ಬರುತ್ತದೆ. ಉಳಿದ ಅಕ್ಷರಗಳು ಅದರೊಳಗೆ ಬೀಳುತ್ತವೆ, ಪಕ್ಕದಲ್ಲಿ ನಿಂತವರ ಕಣ್ಣಿಗೂ ಬೀಳುತ್ತವೆ. ಇನ್ನು ಕೆಲವು ಸಲ ಬಟನ್ ಮೇಲೆ ಒಂದು ಸಲ ಒತ್ತಿದರೆ ಏನೂ ಆಗುವುದಿಲ್ಲ, ಎರಡನೇ ಸಲ ಒತ್ತಬೇಕು. ‘ನೋಡಿಕೊಂಡು ಒತ್ತಬಾರದಾ?’ ಎಂದು ಬೈಸಿಕೊಳ್ಳುವವರು ಮಾತ್ರ ಕೀಲಿಮಣೆಯ ಮುಂದೆ ಕೂತವರು.

ತಪ್ಪು ಅವರದ್ದಲ್ಲ ಎಂದು ಹೇಳಲು ನಾವು ಈ ಹಳೆಯ ಕಥೆ ತೆಗೆದಿದ್ದೇವೆ.

ಸಮಸ್ಯೆಯ ಬುಡ ಸರಳ. ಪರದೆಯ ಮೇಲೆ ವಿಂಡೋಗಳು ಹತ್ತು, ಕೀಲಿಮಣೆ ಒಂದೇ. ಒತ್ತಿದ ಅಕ್ಷರ ಯಾವ ವಿಂಡೋಗೆ ಹೋಗಬೇಕು? ಆ ಹಕ್ಕು ಪಡೆದ ವಿಂಡೋಗೆ ‘ಫೋಕಸ್’ ಇದೆ ಎನ್ನುತ್ತಾರೆ. ಒಂದು ಮನೆಗೆ ಒಂದೇ ನಲ್ಲಿ, ಕೊಡ ಹತ್ತು ಇದ್ದಂತೆ.

1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಮೌಸ್ ಹಿಡಿದು ಕೆಲಸ ಮಾಡಿ ತೋರಿಸಿದರು. ಝೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರ 1973ರಲ್ಲಿ ಆಲ್ಟೋ ಎಂಬ ಕಂಪ್ಯೂಟರ್ ಕಟ್ಟಿತು. ಅದರ ಮೇಲೆ ನಡೆಯುತ್ತಿದ್ದ ಸ್ಮಾಲ್‌ಟಾಕ್‌ನಲ್ಲಿ, ಮೇಜಿನ ಮೇಲಿನ ಕಾಗದಗಳ ಹಾಗೆ ವಿಂಡೋಗಳು ಒಂದರ ಮೇಲೊಂದು ಕೂರುವಂತಾಯಿತು. ಅಲ್ಲಿದ್ದ ಲ್ಯಾರಿ ಟೆಸ್ಲರ್‌ಗೆ ಒಂದು ವಿಷಯದಲ್ಲಿ ಹಟ. ಒಂದೇ ಕೀಲಿ ಒಮ್ಮೆ ಒಂದು ಕೆಲಸ, ಇನ್ನೊಮ್ಮೆ ಬೇರೆ ಕೆಲಸ ಮಾಡಬಾರದು ಎನ್ನುತ್ತಿದ್ದರು. ‘ನೋ ಮೋಡ್ಸ್’ ಎಂದು ಕಾರಿನ ನಂಬರ್ ಪ್ಲೇಟ್ ಮೇಲೇ ಬರೆಸಿಕೊಂಡಿದ್ದರು. ಆದರೆ ವಿಂಡೋ ಹತ್ತಾದ ಮೇಲೆ ಅದೇ ತೊಡಕು ಫೋಕಸ್ ರೂಪದಲ್ಲಿ ಮತ್ತೆ ಬಂತು.

ಇದಕ್ಕೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು.

1984ರಲ್ಲಿ ಬಂದ ಆಪಲ್‌ನ ಮ್ಯಾಕಿಂಟಾಷ್ ಜಾಗ್ರತೆಯ ದಾರಿ ಹಿಡಿಯಿತು. ಹಿಂದಿನ ವಿಂಡೋ ಮೇಲೆ ಮೊದಲ ಕ್ಲಿಕ್ ಮಾಡಿದರೆ ಅದು ಮುಂದೆ ಬರುತ್ತದೆ, ಅಷ್ಟೇ. ಒಳಗಿನ ಬಟನ್ ಕೆಲಸ ಮಾಡಲು ಮತ್ತೊಂದು ಕ್ಲಿಕ್ ಬೇಕು. ಅಕಸ್ಮಾತ್ ಏನೂ ಅಳಿಸಿಹೋಗಬಾರದೆಂಬ ಕಾಳಜಿ ಅದು.

ಮೈಕ್ರೋಸಾಫ್ಟ್‌ನ ವಿಂಡೋಸ್ 1985ರಲ್ಲಿ ಬಂತು. ಒಂದರ ಮೇಲೊಂದು ಕೂರುವ ವಿಂಡೋಗಳು 1987ರ ಎರಡನೇ ಆವೃತ್ತಿಯಲ್ಲಿ ಸೇರಿದವು. ಇಲ್ಲಿ ಸಾಮಾನ್ಯವಾಗಿ ಒಂದೇ ಕ್ಲಿಕ್ ವಿಂಡೋವನ್ನು ಮುಂದೆ ತರುತ್ತದೆ, ಬಟನ್ನೂ ಒತ್ತುತ್ತದೆ. ವೇಗವೇನೋ ಇದೆ, ಕೈ ತಪ್ಪಿದರೆ ಅಪಾಯವೂ ಇದೆ.

ಮೂರನೆಯದು 1984ರಲ್ಲಿ ಎಂಐಟಿಯಲ್ಲಿ ಶುರುವಾದ ಎಕ್ಸ್ ವಿಂಡೋ ವ್ಯವಸ್ಥೆ. ಮುಂದೆ ಲಿನಕ್ಸ್ ಡೆಸ್ಕ್‌ಟಾಪ್‌ಗಳು ನಿಂತದ್ದು ಇದರ ಮೇಲೆ. ಬಾಬ್ ಶೈಫ್ಲರ್, ಜಿಮ್ ಗೆಟ್ಟಿಸ್ ಮತ್ತು ಜೊತೆಗಾರರು ‘ಸಲಕರಣೆ ನಾವು ಕೊಡುತ್ತೇವೆ, ಕಟ್ಟಳೆ ನೀವು ಮಾಡಿಕೊಳ್ಳಿ’ ಎಂಬ ನಿಲುವು ತಾಳಿದರು. ಫೋಕಸ್ ತೀರ್ಮಾನ ‘ವಿಂಡೋ ಮ್ಯಾನೇಜರ್’ ಎಂಬ ಬೇರೆ ತಂತ್ರಾಂಶದ ಪಾಲಾಯಿತು. ಕೆಲವು ಮ್ಯಾನೇಜರ್‌ಗಳಲ್ಲಿ ಕ್ಲಿಕ್ಕೇ ಬೇಡ, ಮೌಸ್ ಹೋದ ಕಡೆ ಫೋಕಸ್ ಹೋಗುತ್ತದೆ. ಮೇಜಿಗೆ ಮೊಣಕೈ ತಾಗಿ ಮೌಸ್ ಜರುಗಿದರೆ ಅಕ್ಷರಗಳೂ ದಾರಿ ತಪ್ಪುತ್ತವೆ. ತಂತ್ರಾಂಶಗಳು ಫೋಕಸ್ ಪಡೆಯುವುದಕ್ಕೆ 1980ರ ದಶಕದ ಕೊನೆಗೆ ನಿಯಮ ಬರೆದಾಗ ಅದರಲ್ಲೇ ನಾಲ್ಕು ರೀತಿಗಳಿದ್ದವು. ಹೀಗಾಗಿ ಒಂದೇ ಪರದೆಯಲ್ಲಿ ಒಂದು ವಿಂಡೋ ಕ್ಲಿಕ್‌ಗೆ ಒಂದು ಥರ, ಪಕ್ಕದ್ದು ಇನ್ನೊಂದು ಥರ ನಡೆದುಕೊಳ್ಳಲು ಅವಕಾಶ ಉಳಿಯಿತು.

ಆಮೇಲೆ ತಂತ್ರಾಂಶಗಳು ಕೇಳದೆಯೇ ಮುಂದೆ ನುಗ್ಗತೊಡಗಿದವು. ವಿಂಡೋಸ್ 98ರಿಂದ ಮೈಕ್ರೋಸಾಫ್ಟ್ ಇದಕ್ಕೆ ಕಡಿವಾಣ ಹಾಕಿತು. ನುಗ್ಗಲು ಬಂದ ವಿಂಡೋದ ಗುಂಡಿ ಪರದೆಯ ಕೆಳಪಟ್ಟಿಯಲ್ಲಿ ಮಿನುಗುತ್ತದೆ, ಅಷ್ಟೇ. ಲಿನಕ್ಸ್‌ನಲ್ಲಿ, ನೀವು ಕೊನೆಯ ಸಲ ಯಾವ ವಿಂಡೋವನ್ನು ಯಾವಾಗ ಮುಟ್ಟಿದಿರಿ ಎಂಬ ಸಮಯ ನೋಡಿ ತಡೆಯುವ ಉಪಾಯ ಬಂತು. 2008ರಲ್ಲಿ ಕ್ರಿಸ್ಟಿಯನ್ ಹೊಗ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್ ಇನ್ನೂ ಬಿಗಿ. ಅಲ್ಲಿ ತಂತ್ರಾಂಶ ತಾನಾಗಿ ಫೋಕಸ್ ಕಿತ್ತುಕೊಳ್ಳುವಂತಿಲ್ಲ, ಟೋಕನ್ ತೋರಿಸಿ ಕೇಳಬೇಕು. ಕೊಡುವುದು ಬಿಡುವುದು ಪರದೆ ನೋಡಿಕೊಳ್ಳುವ ತಂತ್ರಾಂಶಕ್ಕೆ ಬಿಟ್ಟದ್ದು.

ಇದನ್ನು ಓದುತ್ತಿರುವ ನಿಮ್ಮ ಫೋನಿನಲ್ಲಿ ಈ ಕಾಟ ಕಡಿಮೆ, ಯಾಕೆಂದರೆ ಅಲ್ಲಿ ಸಾಮಾನ್ಯವಾಗಿ ಒಂದೇ ಆ್ಯಪ್ ಪರದೆ ತುಂಬಿರುತ್ತದೆ. ಆದರೆ 2016ರ ಆಂಡ್ರಾಯ್ಡ್ 7ರಲ್ಲಿ ಪರದೆಯನ್ನು ಎರಡು ಪಾಲು ಮಾಡುವ ಸೌಲಭ್ಯ ಬಂದಾಗ, ಅಕ್ಷರ ಯಾವ ಪಾಲಿಗೆ ಎಂಬ ಹಳೆಯ ಪ್ರಶ್ನೆ ಫೋನಿಗೂ ಬಂತು.

ಒಂದು ಕ್ಲಿಕ್‌ಗೆ ‘ಇದನ್ನು ಆರಿಸು’ ಮತ್ತು ‘ಇದನ್ನು ಮಾಡು’ ಎಂಬ ಎರಡು ಅರ್ಥ ಕಟ್ಟಿದವರೇ 40 ವರ್ಷ ಕಳೆದರೂ ಒಮ್ಮತಕ್ಕೆ ಬಂದಿಲ್ಲ. ಅಷ್ಟರಲ್ಲಿ ಕೀಲಿಮಣೆ ಮುಂದೆ ಕೂತವರಿಗೆ ಬೈದು ಫಲವೇನು? ಮುಂದಿನ ಸಲ ಯಾರದ್ದಾದರೂ ಅರ್ಜಿ ತುಂಬುವಾಗ, ಪಾಸ್‌ವರ್ಡ್ ಒತ್ತುವ ಮುನ್ನ ಮಿನುಗುವ ಕರ್ಸರ್ ಎಲ್ಲಿದೆ ಎಂದು ಒಮ್ಮೆ ನೋಡಿ. ವಿಂಡೋ ಬದಲಿಸಬೇಕಾದರೆ ಅದರ ಮೇಲಿನ ಹೆಸರುಪಟ್ಟಿಯ ಖಾಲಿ ಜಾಗದ ಮೇಲೆ ಒತ್ತಿ. ಅಲ್ಲಿ ತಪ್ಪಿ ಒತ್ತಿಹೋಗಲು ಯಾವ ಬಟನ್ನೂ ಇರುವುದಿಲ್ಲ.