ಸಾಕು ಎಂಬ ಮಾತು

ಮನಸ್ಸು ತುಂಬಿದ್ದನ್ನು ಹೇಳಲು ಕನ್ನಡದಲ್ಲಿ ಶಬ್ದಗಳಿಗೆ ಬರವಿಲ್ಲ. 'ತೃಪ್ತಿ' ಸಂಸ್ಕೃತದಿಂದ ಬಂದದ್ದು. ಪಿತೃಗಳಿಗೆ ನೀರೆರೆಯುವ 'ತರ್ಪಣ'ವೂ ಅದೇ ಧಾತುವಿನಿಂದ ಹುಟ್ಟಿದೆ. 'ತಣಿವು' ನಮ್ಮದೇ ಮಾತು. ತಣ್ಣೀರು, ತಂಗಾಳಿಗಳ ನಂಟು ಅದಕ್ಕುಂಟು. ಬಿಸಿಲ ನಾಡಿನವರು ಸುಖವನ್ನು ತಂಪಿನಿಂದ ಅಳೆದದ್ದು ಸಹಜವೆ. ಆದರೆ ಎಲೆಯ ಮುಂದೆ ಕುಳಿತು ಉಂಡವರ ಬಾಯಿಂದ ಹೊರಡುವ ಮಾತು ಇವೆರಡೂ ಅಲ್ಲ, ಅದು 'ಸಾಕು'. ದಿನಕ್ಕೆ ಹತ್ತು ಸಲ ಆಡಿಯೂ ನಾವು ತಿರುಗಿ ನೋಡದ ಈ ಪುಟ್ಟ ಪದದ ಚರಿತ್ರೆಯನ್ನು ಈ ಹೊತ್ತು ತುಸು ವಿಚಾರಿಸೋಣ.

ಹಳಗನ್ನಡದಲ್ಲಿ 'ಸಾಲ್' ಎಂಬುದೊಂದು ಧಾತು. ಬೇಕಾದಷ್ಟು ಒದಗು, ಕೊರತೆ ಬೀಳದಿರು ಎಂದು ಅದರ ಅರ್ಥ. ಅದಕ್ಕೆ 'ಕುಂ' ಪ್ರತ್ಯಯ ಹತ್ತಿ 'ಸಾಲ್ಕುಂ' ಎಂಬ ಕ್ರಿಯಾಪದವಾಯಿತು, ಎಂದರೆ 'ಸಾಲುತ್ತದೆ'. 'ಬೇಳ್' ಧಾತುವಿನಿಂದ 'ಬೇಳ್ಕುಂ' ಆದದ್ದೂ ಹೀಗೆಯೆ. ಕಾಲಕ್ರಮದಲ್ಲಿ ಕೊನೆಯ ಅನುಸ್ವಾರ ಬಿದ್ದುಹೋಗಿ, ನಡುವಣ ವ್ಯಂಜನವೂ ಸವೆದು, ಒಂದು 'ಸಾಕು' ಆಯಿತು, ಇನ್ನೊಂದು 'ಬೇಕು' ಆಯಿತು. ಬೇಕು-ಸಾಕುಗಳು ಬರಿಯ ಪ್ರಾಸಕ್ಕಾಗಿ ಜೊತೆಗೂಡಿದವಲ್ಲ. ಒಂದೇ ಅಚ್ಚಿನಲ್ಲಿ ಎರೆದ ಅಕ್ಕತಂಗಿಯರು. ದನ ಸಾಕುವುದು, ಮಗುವನ್ನು ಸಾಕುವುದು ಎನ್ನುವಲ್ಲಿನ 'ಸಾಕು' ಮಾತ್ರ ಬೇರೆಯೇ ಪದ.

ಈ 'ಸಾಲ್' ಧಾತು ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಬರೊ ಮತ್ತು ಎಮೆನೊ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ನಿಷ್ಪತ್ತಿಕೋಶ ಇದರ ಬಳಗವನ್ನೆಲ್ಲ ಒಂದೆಡೆ ಸೇರಿಸಿದೆ. ತೆಲುಗಿನವರು 'ಚಾಲು' ಎಂದರೆ ನಮ್ಮ ಸಾಕು. 'ಚಾಲಾ' ಎಂದರೆ ಬಹಳ. ತಮಿಳಿನಲ್ಲಿ ಗುಣ ತುಂಬಿದ ಹಿರಿಯರನ್ನು ಕರೆಯುವ 'ಸಾನ್ರೋರ್' ಎಂಬ ಪದವೂ ಇದೇ ಬೇರಿನದು. ನಮ್ಮಲ್ಲಿಯೂ ಪತ್ರಿಕೆಗಳು 'ಸಾಕಷ್ಟು ಜನ ಸೇರಿದ್ದರು' ಎಂದು ಬರೆದಾಗ, ಸಾಲುವಷ್ಟು ಎಂಬ ಅಳತೆ ಮರೆತು ಬಹಳ ಎಂಬ ಅರ್ಥವೇ ಮುಂದಾಗುತ್ತದೆ. ಅತ್ತ ಅದೇ ಮಾತು 'ಸಾಕಾಯಿತು', 'ಸಾಕುಸಾಕಾಯಿತು' ಎಂದಾದಾಗ ತೃಪ್ತಿ ಹೋಗಿ ಬೇಸರ ಉಳಿಯುತ್ತದೆ. ಅಳತೆ ಒಂದು ಹುಟ್ಟು ಮೀರಿದರೂ ಸಾಕು, ಸುಖವೇ ದಣಿವಾಗುತ್ತದೆ.

ವ್ಯಾಕರಣದ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. 'ಸಾಲು' ಇಂದಿಗೂ ಜೀವಂತ ಕ್ರಿಯಾಪದ: ಸಾಲುತ್ತದೆ, ಸಾಲಲಿಲ್ಲ, ಸಾಲದು. ಅದು ಪದಾರ್ಥದ ಮೇಲಿನ ಮಾತು; ಅನ್ನ ಸಾಲುತ್ತದೆಯೆ ಎಂದು ತಿಳಿಯಲು ಪಾತ್ರೆಯನ್ನು ನೋಡಿದರಾಯಿತು. 'ಸಾಕು' ಹಾಗಲ್ಲ. ಅದಕ್ಕೆ ಹಿಂದೆ 'ನನಗೆ' ಎಂಬುದೊಂದು ಸೇರುತ್ತದೆ; ಅಳತೆಗೋಲು ಪಾತ್ರೆಯಿಂದ ಉಣ್ಣುವವರ ಮನಸ್ಸಿಗೆ ಬರುತ್ತದೆ. ಹೀಗಾದ್ದರಿಂದಲೇ ಅದು ಸುಳ್ಳಾಡಲೂ ಬಲ್ಲದು. ಎಲ್ಲರಿಗೂ ಬಡಿಸಿ ಕಡೆಗೆ ಕುಳಿತ ತಾಯಂದಿರು, ತಳ ಕಂಡ ಪಾತ್ರೆಯನ್ನು ಸೆರಗಿಗೆ ಮರೆಮಾಡಿ, 'ನನಗೆ ಸಾಕಪ್ಪ' ಎಂದದ್ದನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿಲ್ಲ! ಅಲ್ಲಿ ಸಾಕು ಎಂಬುದು ತೃಪ್ತಿಯ ಮಾತಲ್ಲ. ಸಾಲದು ಎಂಬುದಕ್ಕೆ ಹೊದಿಸಿದ ಮರ್ಯಾದೆ.

ಬಡಿಸುವವರು ಮೊದಲ 'ಸಾಕು'ಗೇ ಕೈ ಹಿಂತೆಗೆಯಬಾರದೆಂಬ ರೂಢಿ ನಮ್ಮ ಪಂಕ್ತಿಗಳಲ್ಲಿ ಬೆಳೆದುಬಂದಿದೆ. ಅದು ಬರಿಯ ಉಪಚಾರವಲ್ಲವೆಂದು ನನ್ನ ಎಣಿಕೆ. ಸಾಕು ಎಂದವರ ಮುಖವನ್ನೊಮ್ಮೆ, ಅವರ ಎಲೆಯನ್ನೊಮ್ಮೆ ನೋಡಿ, ನಿಜಕ್ಕೂ ಸಾಲುವಷ್ಟು ಆಯಿತೆ ಎಂದು ಕೇಳಿಕೊಂಡರೆ, ಸವೆದುಹೋದ ಆ ಹಳೆಯ 'ಸಾಲ್ಕುಂ'ಗೆ ನಾವು ಅರ್ಥವನ್ನು ಮರಳಿ ಕೊಟ್ಟಂತಾಗುತ್ತದೆ.