ಐಹೊಳೆಯ ಹೆಸರು, ಬಿ.ಕಾಂ. ಕಾಗದ

ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಬರುಸ್ ಎಂಬ ಹಳೆಯ ಬಂದರು ಇದೆ. ಒಂದು ಕಾಲಕ್ಕೆ ಕರ್ಪೂರಕ್ಕೆ ಹೆಸರಾದ ಊರು. ಅದರ ಸಮೀಪದ ಲೋಬು ತುವಾದಲ್ಲಿ 1873ರಲ್ಲಿ ಒಂದು ತಮಿಳು ಶಾಸನ ಸಿಕ್ಕಿತು. ಅದರ ಕಾಲ ಶಕ 1010, ಅಂದರೆ ಕ್ರಿ.ಶ. 1088. ಹಾಕಿಸಿದವರು ತಮ್ಮನ್ನು ಸಾವಿರ ದಿಕ್ಕುಗಳ ಐನೂರ್ವರು ಎಂದು ಕರೆದುಕೊಂಡಿದ್ದಾರೆ. ಈ ಐನೂರ್ವರ ಜಾಡು ಹಿಡಿದು ಹೊರಟರೆ ಹುನಗುಂದ ಸೀಮೆಯ ಐಹೊಳೆಗೆ, ಮಲಪ್ರಭೆಯ ದಂಡೆಗೆ ಬಂದು ನಿಲ್ಲುತ್ತೇವೆ.

ಬಾದಾಮಿ, ಪಟ್ಟದಕಲ್ಲು ನೋಡಲು ಬಂದವರು ಐಹೊಳೆಯಲ್ಲಿ ದುರ್ಗ ಗುಡಿಯನ್ನೂ ರವಿಕೀರ್ತಿಯ ಶಾಸನವನ್ನೂ ನೋಡಿ ಹೋಗುತ್ತಾರೆ. ಅಯ್ಯಾವೊಳೆ ಎಂಬುದು ಒಂದು ವ್ಯಾಪಾರದ ಹೆಸರೂ ಆಗಿತ್ತೆಂಬುದು ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅಯ್ಯಾವೊಳೆ ಐನೂರ್ವರ ಶಾಸನಗಳು ಕರ್ನಾಟಕ, ಆಂಧ್ರ, ತಮಿಳುನಾಡು, ಸಿಂಹಳಗಳಲ್ಲೆಲ್ಲ ಹರಡಿವೆ. ಆ ಹೆಸರು ಹೊತ್ತ ಎಷ್ಟೋ ಜನ ಐಹೊಳೆಯನ್ನು ಕಂಡವರೇ ಇರಲಿಕ್ಕಿಲ್ಲ. ಆದರೂ ಗುರುತಿಲ್ಲದ ಊರಿನಲ್ಲಿ ಮಾಲು ಇಳಿಸುವವನಿಗೆ ಆ ಹೆಸರೇ ಯೋಗ್ಯತಾಪತ್ರವಾಗಿತ್ತು ಎಂದು ನನಗೆ ತೋರುತ್ತದೆ. ಅದು ಪುಕ್ಕಟೆ ಸಿಗುತ್ತಿರಲಿಲ್ಲ. ಲೋಬು ತುವಾದ ಶಾಸನದ ವಿಷಯವೇ ವಂತಿಗೆ: ಹಡಗಿನವರು ಕಸ್ತೂರಿಯ ಬೆಲೆಗೆ ತಕ್ಕಂತೆ ಚಿನ್ನ ಸಲ್ಲಿಸಬೇಕು. ಸದಸ್ಯನ ಬೆನ್ನಿಗೆ ಒಂದು ಸಂಘ, ಅದಕ್ಕೆ ಬಣಂಜು ಧರ್ಮವೆಂಬ ಕಟ್ಟಳೆ. ಹೆಸರು ಕೆಟ್ಟರೆ ಎಲ್ಲರ ವ್ಯಾಪಾರವೂ ಕೆಡುತ್ತಿತ್ತು.

ಇಂಥ ಗುರುತನ್ನು ವಿಶ್ವವಿದ್ಯಾಲಯ ಕೊಡಬಲ್ಲದು ಎಂಬ ಕಲ್ಪನೆ ತೀರ ಈಚಿನದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯ ವಿಭಾಗ ತೆರೆದದ್ದು 1902ರಲ್ಲಿ. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜು ಆರಂಭವಾದದ್ದು 1913ರಲ್ಲಿ. ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು. ಅಂಗಡಿಯ ಗಾದಿಯ ಮೇಲೆ ಕೂತು ಕೀರ್ದಿ ಬರೆಯುವುದನ್ನು ಕಲಿಯುತ್ತಿದ್ದ ಈ ಸೀಮೆಯ ಹುಡುಗರಿಗೆ ಬಿ.ಕಾಂ. ಎಂದರೆ ಮುಂಬಯಿ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬಂತು, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಈಚೆಗೆ ಜಮಖಂಡಿಯಲ್ಲಿ ಜಿಲ್ಲೆಯದೇ ಒಂದು. ಪದವಿ ಮನೆ ಬಾಗಿಲಿಗೆ ಬಂತು, ಇಳಕಲ್ಲಿನ ನೇಕಾರರ ಮಗಳೂ ಓದುವಂತಾಯಿತು. ಇದು ಸಣ್ಣ ಮಾತಲ್ಲ. ಆದರೆ ಕಾಗದದ ಮೇಲಿನ ಹೆಸರು ಹತ್ತಿರವಾದಷ್ಟೂ ಸಮುದ್ರದಾಚೆಗೆ ಅದನ್ನು ಗುರುತಿಸುವವರು ಕಡಿಮೆಯಾದರು.

ಹಾಗಾಗಿ ದುಬೈಗೆ ಹೊರಟವರ ಬಿ.ಕಾಂ. ಪ್ರಮಾಣಪತ್ರ ಮೊದಲು ಮುದ್ರೆಗಳ ಯಾತ್ರೆ ಮಾಡಬೇಕು: ರಾಜ್ಯ ಸರ್ಕಾರದ್ದು, ವಿದೇಶಾಂಗ ಸಚಿವಾಲಯದ್ದು, ಆಮೇಲೆ ಎಮಿರೇಟ್ಸ್ ರಾಯಭಾರ ಕಚೇರಿಯದು. ಇಷ್ಟೂ ಮುದ್ರೆಗಳು ಕೂಡಿ ಹೇಳುವುದು ಕಾಗದ ಖೋಟಾ ಅಲ್ಲ ಎಂದಷ್ಟೆ. ಓದಿದವರಿಗೆ ಲೆಕ್ಕ ಬರುತ್ತದೆಯೇ ಎಂಬುದನ್ನು ಕೆಲಸ ಕೊಡುವವನು ಬೇರೆಯಾಗಿಯೇ ನೋಡುತ್ತಾನೆ. ಹಿಂದೆ ಎಲ್ಲಿ ದುಡಿದಿದ್ದೀರಿ, ಟ್ಯಾಲಿ ಗೊತ್ತೇ, 2018ರಿಂದ ಅಲ್ಲಿ ಜಾರಿಯಲ್ಲಿರುವ ವ್ಯಾಟ್ ಲೆಕ್ಕ ಹಾಕಬಲ್ಲಿರಾ? ಟ್ಯಾಲಿ ನಮ್ಮ ಬೆಂಗಳೂರಿನದೇ. ಕೊಲ್ಲಿಯ ಅಂಗಡಿಕಾರನಿಗೆ ನಮ್ಮ ವಿಶ್ವವಿದ್ಯಾಲಯಕ್ಕಿಂತ ಅದರ ಪರಿಚಯ ಹೆಚ್ಚು.

ಬ್ರಿಟನ್ನಿನಲ್ಲಿ ಪದವಿ ಸಾಮಾನ್ಯವಾಗಿ ಮೂರೇ ವರ್ಷದ್ದು, ಆದ್ದರಿಂದ ನಮ್ಮ ಮೂರು ವರ್ಷ ಅವರಿಗೆ ಕೊರತೆಯೆನಿಸದು. ಅಲ್ಲಿನ ಎಸಿಸಿಎ ಪರೀಕ್ಷೆಯಲ್ಲಿ ಬಿ.ಕಾಂ. ಆದವರಿಗೆ ಕೆಲವು ಪತ್ರಿಕೆಗಳ ವಿನಾಯಿತಿಯೂ ಉಂಟು. ಅಮೆರಿಕದ ಪದವಿ ನಾಲ್ಕು ವರ್ಷದ್ದು. ಅಲ್ಲಿ ಸಿಪಿಎ ಆಗಲು 150 ಕ್ರೆಡಿಟ್ ಬೇಕೆಂಬುದು ಬಹುಕಾಲದ ವಾಡಿಕೆ, ನಮ್ಮವರಿಗೆ ಅಷ್ಟು ಮುಟ್ಟುವುದಿಲ್ಲ. ಕರ್ನಾಟಕ 2021ರಲ್ಲಿ ನಾಲ್ಕನೇ ವರ್ಷದ ಆನರ್ಸ್‌ಗೆ ದಾರಿ ಮಾಡಿ, 2024ರಲ್ಲಿ ಮತ್ತೆ ಮೂರಕ್ಕೇ ಮರಳಿತು. ಎರಡರ ನಡುವೆ ಓದಿದವರು ತಮ್ಮ ಪದವಿ ಎಷ್ಟು ವರ್ಷದ್ದೆಂದು ಪ್ರತಿ ಅರ್ಜಿಯಲ್ಲೂ ವಿವರಿಸಬೇಕು.

ಇಳಕಲ್ಲಿನ ಕೆಂಪು ಗ್ರಾನೈಟ್ ಮಾತ್ರ ಇಂಥ ವಿವರಣೆ ಕೇಳಿಸಿಕೊಳ್ಳದೆ ಹಡಗು ಹತ್ತುತ್ತದೆ. ಅದರ ಜೊತೆ ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್, ಲೆಟರ್ ಆಫ್ ಕ್ರೆಡಿಟ್ ಹೋಗುತ್ತವೆ. ಕೊನೆಯದರಲ್ಲಿ ಇರುವುದು ಐನೂರ್ವರ ಹಳೆಯ ಉಪಾಯವೇ: ಕಂಡರಿಯದ ಇಬ್ಬರ ನಡುವೆ ಇಬ್ಬರೂ ಬಲ್ಲ ಮೂರನೆಯವನ ಮಾತು. ಬಾಗಲಕೋಟೆಯ ತರಗತಿಗಳಲ್ಲಿ ಇದು ಪರೀಕ್ಷೆಯ ಒಂದು ಟಿಪ್ಪಣಿ. ಇಳಕಲ್ಲಿನ ಕಲ್ಲಿನ ವ್ಯಾಪಾರಿಯ ಮೇಜಿನ ಮೇಲೆ ಅದರಲ್ಲಿ ಒಂದಕ್ಷರ ತಪ್ಪಿದರೆ ಬ್ಯಾಂಕು ಹಣ ತಡೆಹಿಡಿಯುತ್ತದೆ. ಆ ಮೇಜಿನ ಮುಂದೆ ಒಂದು ವರ್ಷ ಕೂತು ಕಲಿತವರ ಅರ್ಜಿಯನ್ನು ದುಬೈಯವನು ಬದಿಗಿಡಲಾರ.